ಅಪ್ಪನ ಕ್ಯಾಮೆರಾದಲ್ಲಿ ಉಳಿದ ರೀಲು ಎಲ್ಲಿ ತೊಳೆಸಲಿ? ಊರಿನ ಕಲರ್ ಲ್ಯಾಬ್‌ಗಳೆಲ್ಲ ಏನಾದವು?

ಪ್ರಶ್ನೆ: ಸಾಗರದ ಹತ್ತಿರದ ಹಳ್ಳಿಯವನು ನಾನು. ಅಟ್ಟ ಗುಡಿಸುವಾಗ ಅಪ್ಪನ ಹಳೇ ಯಾಶಿಕಾ ಕ್ಯಾಮೆರಾ ಸಿಕ್ಕಿತು. ಕೌಂಟರ್ 22ರಲ್ಲಿ ನಿಂತಿದೆ, ಒಳಗೆ ರೀಲು ಇದೆ ಅನ್ನಿಸುತ್ತದೆ. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು. ಸಾಗರದಲ್ಲೂ ಶಿವಮೊಗ್ಗದಲ್ಲೂ ಕೇಳಿದೆ, ಯಾರೂ ತೊಳೆಯುವುದಿಲ್ಲವಂತೆ. ಕಲರ್ ಲ್ಯಾಬ್ ಅಂತ ಬೋರ್ಡ್ ಹಾಕಿಕೊಂಡವರೇ ನಕ್ಕುಬಿಟ್ಟರು. ಅಷ್ಟೊಂದು ಲ್ಯಾಬ್‌ಗಳಿದ್ದವಲ್ಲ, ಎಲ್ಲ ಹೇಗೆ ಒಟ್ಟಿಗೇ ನಿಂತುಹೋದವು? ಈ ರೀಲು ಎಲ್ಲಿ ತೊಳೆಸಲಿ? ಮನೆಯಲ್ಲೇ ಮಾಡಬಹುದಾ?

ಉತ್ತರ: ಮೊದಲು ಒಂದು ಮಾತು. ಕ್ಯಾಮೆರಾದ ಹಿಂಬಾಗಿಲು ತೆಗೆಯಬೇಡಿ. ಸುಮ್ನೆ ಒಂದು ಸಲ ಇಣುಕಿ ನೋಡೋಣ ಅಂತಲೂ ಬೇಡ. ಆಗಲೇ ತೆಗೆದು ಗಾಬರಿಯಿಂದ ಮುಚ್ಚಿದ್ದರೆ ಪೂರ್ತಿ ಆಸೆ ಬಿಡಬೇಕಿಲ್ಲ, ಸುರುಳಿಯ ಮೇಲಿನ ಸುತ್ತುಗಳು ಹಾಳಾಗಿರುತ್ತವೆ, ಒಳಗಿನವು ಉಳಿದಿರಬಹುದು. ಕ್ಯಾಮೆರಾವನ್ನು ಹಾಗೇ ತಣ್ಣಗಿನ ಜಾಗದಲ್ಲಿಡಿ. ರೀಲು ಹೊರಗೆ ತೆಗೆಯುವುದು ಹೇಗೆ ಅಂತ ಕೊನೆಗೆ ಬರುತ್ತೇನೆ.

ಈಗ ಲ್ಯಾಬ್ ವಿಷಯ. ನಾನು ಶಿವಮೊಗ್ಗದ ಒಂದು ಕಲರ್ ಲ್ಯಾಬ್‌ನಲ್ಲಿ ಹದಿನೇಳು ವರ್ಷ ಮೆಷಿನ್ ಮುಂದೆ ನಿಂತವನು, ಹಾಗಾಗಿ ನಿಮ್ಮ ಸಾಗರದ ರೀಲುಗಳ ಪರಿಚಯ ನನಗೆ ಚೆನ್ನಾಗಿದೆ. ಸಾಗರ, ಸೊರಬ, ತೀರ್ಥಹಳ್ಳಿಯ ಸ್ಟುಡಿಯೋದವರು ಬೆಳಿಗ್ಗೆ ಬಸ್ಸಿನಲ್ಲಿ ರೀಲು ಕಳಿಸುತ್ತಿದ್ದರು. ಕವರಿನ ಮೇಲೆ ಸ್ಟುಡಿಯೋ ಹೆಸರು, "ಮ್ಯಾಕ್ಸಿ, ಒಂದೊಂದು ಕಾಪಿ" ಅಂತ ಬರೆದಿರುತ್ತಿತ್ತು, ಮ್ಯಾಕ್ಸಿ ಅಂದರೆ ಪ್ರಿಂಟಿನ ಒಂದು ಅಳತೆ. ಸಂಜೆಯ ಬಸ್ಸಿಗೆ ಪ್ರಿಂಟ್ ವಾಪಸ್ ಹೋಗಬೇಕು. ಹೋಗಲಿಲ್ಲ ಅಂದರೆ ಮರುದಿನ ಫೋನಿನಲ್ಲಿ ಬೈಗುಳ.

ಎಲ್ಲರೂ ಹೇಳುವ ಉತ್ತರ ನಿಮಗೂ ಗೊತ್ತು: ಡಿಜಿಟಲ್ ಬಂತು, ಮೊಬೈಲ್ ಬಂತು, ರೀಲು ಹೋಯಿತು. ಸುಳ್ಳಲ್ಲ. ಆದರೆ ನೀವು ಕೇಳಿದ್ದು "ಹೇಗೆ ಒಟ್ಟಿಗೇ" ಅಂತ, ಅದಕ್ಕೆ ಇದು ಉತ್ತರ ಆಗುವುದಿಲ್ಲ. ಗಿರಾಕಿ ಕಡಿಮೆಯಾದರೆ ಅಂಗಡಿ ಸಣ್ಣದಾಗಬೇಕು ತಾನೇ? ಟೈಪ್‌ರೈಟರ್ ರಿಪೇರಿ ಮಾಡುವವರು ಇವತ್ತಿಗೂ ಅಲ್ಲೊಬ್ಬರು ಇಲ್ಲೊಬ್ಬರು ಕೂತಿದ್ದಾರೆ. ವಾರಕ್ಕೊಂದು ಮೆಷಿನ್ ಬಂದರೂ ಅವರಿಗೆ ನಷ್ಟವಿಲ್ಲ. ರೀಲು ತೊಳೆಯುವ ಲ್ಯಾಬ್ ಮಾತ್ರ ಹಾಗೆ ಸಣ್ಣದಾಗಿ ಬದುಕಲು ಬರುವುದಿಲ್ಲ. ಕಾರಣ ಮೆಷಿನ್ ಒಳಗಿನ ನೀರಿನಲ್ಲಿದೆ.

ಕಲರ್ ನೆಗೆಟಿವ್ ತೊಳೆಯುವ ವಿಧಾನಕ್ಕೆ ಸಿ-41 ಅಂತ ಹೆಸರು. ಕೊಡಾಕ್ 1972ರಲ್ಲಿ ತಂದಿದ್ದು. ಆಮೇಲೆ ಫ್ಯೂಜಿ, ಕೋನಿಕಾ, ಆಗ್ಫಾ ಎಲ್ಲರೂ ಅದಕ್ಕೇ ಹೊಂದುವ ಹಾಗೆ ಫಿಲಂ ಮಾಡಿದರು. ಅದಕ್ಕೇ ಯಾವ ಕಂಪನಿಯ ರೀಲು ತಂದರೂ ನಾವು ಒಂದೇ ಮೆಷಿನ್‌ಗೆ ಹಾಕುತ್ತಿದ್ದೆವು. ಮೊದಲ ತೊಟ್ಟಿಯಲ್ಲಿ ಡೆವಲಪರ್, ಅಂದರೆ ಚಿತ್ರ ಮೂಡಿಸುವ ಕೆಮಿಕಲ್, ಅದರಲ್ಲಿ 3 ನಿಮಿಷ 15 ಸೆಕೆಂಡ್, 37.8 ಡಿಗ್ರಿ ಶಾಖ. ಈ ಶಾಖ ಹೆಚ್ಚುಕಡಿಮೆ ಆಗಬಹುದಾದದ್ದು 0.15 ಡಿಗ್ರಿ, ಅಷ್ಟೇ. ಜ್ವರ ನೋಡುವ ಥರ್ಮಾಮೀಟರ್‌ನಷ್ಟೇ ಬಿಗಿ ಲೆಕ್ಕ! ಆಮೇಲೆ ಬ್ಲೀಚ್, ಫಿಕ್ಸರ್, ಸ್ಟೆಬಿಲೈಸರ್, ಕೊನೆಗೆ ಬಿಸಿಗಾಳಿಯಲ್ಲಿ ಒಣಗಿ ಹೊರಗೆ.

ಈ ತೊಟ್ಟಿಗಳನ್ನು ದಿನಾ ಖಾಲಿ ಮಾಡಿ ತುಂಬುವುದಿಲ್ಲ. ಮನೆಯಲ್ಲಿ ಮೊಸರಿಗೆ ಹೆಪ್ಪು ಇಟ್ಟುಕೊಂಡ ಹಾಗೆ, ನಿನ್ನೆಯದೇ ಇವತ್ತಿಗೆ, ಇವತ್ತಿನದೇ ನಾಳೆಗೆ. ಒಂದೊಂದು ರೀಲು ಒಳಗೆ ಹೋದಾಗಲೂ ಅದು ತಿಂದಷ್ಟು ಕೆಮಿಕಲ್ಲನ್ನು ಮೆಷಿನ್ ತಾನೇ ಅಳೆದು ಹೊಸದಾಗಿ ಸೇರಿಸುತ್ತದೆ, ಹಳೆಯದು ಅಷ್ಟೇ ಪ್ರಮಾಣ ಹೊರಗೆ ಹರಿಯುತ್ತದೆ. ದಿನಾ ಸಾಕಷ್ಟು ರೀಲು ಬರುತ್ತಿದ್ದರೆ ತೊಟ್ಟಿ ಯಾವಾಗಲೂ ತಾಜಾ. ರೀಲು ಬರದಿದ್ದರೆ? ಮೆಷಿನ್ ಬಿಸಿಯಾಗಿಯೇ ಇರಬೇಕು, ಡೆವಲಪರ್ ಗಾಳಿ ಕುಡಿಯುತ್ತಾ ಕಪ್ಪಾಗುತ್ತದೆ, ನೀರು ಆವಿಯಾಗಿ ಗಟ್ಟಿಯಾಗುತ್ತದೆ, ಬಣ್ಣ ಜಾರುತ್ತದೆ. ಗಿರಾಕಿ ಇಲ್ಲದ ದಿನವೂ ಖರ್ಚಿದೆ, ಅದರ ಜೊತೆ ನಾಳೆ ಬರುವ ಒಂದೇ ಒಂದು ರೀಲನ್ನೂ ಅದು ಕೆಡಿಸುತ್ತದೆ.

ನಮಗೆ ಇದರ ರುಚಿ ಪ್ರತಿ ವರ್ಷ ಆಷಾಢದಲ್ಲಿ ಗೊತ್ತಾಗುತ್ತಿತ್ತು. ವೈಶಾಖದಲ್ಲಿ ಲಗ್ನದ ಗಲಾಟೆ, ಊಟಕ್ಕೆ ಕೂರಲು ಬಿಡುವಿಲ್ಲ, ರಾತ್ರಿ ಹನ್ನೊಂದಾದರೂ ಮೆಷಿನ್ ಓಡುತ್ತಿರುತ್ತಿತ್ತು. ಆಷಾಢ ಹುಟ್ಟಿದ ಕೂಡಲೇ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಮೇಲಿಂದ ಶಿವಮೊಗ್ಗದ ಮಳೆ. ಬೆಳಿಗ್ಗೆ ಕಂಟ್ರೋಲ್ ಸ್ಟ್ರಿಪ್ ಹಾಕುತ್ತಿದ್ದೆವು. ಅದು ಕಂಪನಿಯೇ ಅಳತೆ ಮಾಡಿ ಬೆಳಕು ತೋರಿಸಿ ಕಳಿಸಿದ ಫಿಲಂ ತುಂಡು, ತೊಳೆದು ಮೀಟರ್‌ನಲ್ಲಿ ಓದಿದರೆ ತೊಟ್ಟಿಯ ಆರೋಗ್ಯ ತಿಳಿಯುತ್ತದೆ. ವೈಶಾಖದಲ್ಲಿ ಸರಿಯಾಗಿದ್ದ ಗೆರೆ ಆಷಾಢದ ಎರಡನೇ ವಾರದಲ್ಲಿ ಕೆಳಗೆ ಇಳಿಯುತ್ತಿತ್ತು. ಆಗ ನಾವು ಹಳೇ ವೇಸ್ಟ್ ಫಿಲಮ್ಮಿಗೆ ಬೆಳಕು ತೋರಿಸಿ ಬೇಕಂತಲೇ ಮೆಷಿನ್‌ಗೆ ಬಿಡುತ್ತಿದ್ದೆವು, ಹೊಸ ಕೆಮಿಕಲ್ ಒಳಗೆ ಬರಲಿ ಅಂತ. ಹಸುವಿಗೆ ಹಾಲಿಲ್ಲದಿದ್ದರೂ ಹುಲ್ಲು ಹಾಕಬೇಕಲ್ಲ, ಹಾಗೆ. ಶ್ರಾವಣ ಬರುತ್ತದೆ, ಗೌರಿ ಗಣೇಶ ಬರುತ್ತದೆ ಅನ್ನುವ ಧೈರ್ಯದಲ್ಲಿ ಒಂದು ತಿಂಗಳು ತಳ್ಳಬಹುದಿತ್ತು.

2005ರ ಆಚೆ ಆಗಿದ್ದು ಇಷ್ಟೇ. ಆಷಾಢ ಮುಗಿಯಲೇ ಇಲ್ಲ.

ಅದರಲ್ಲೂ ಮೊದಲು ಹೋದವರು ಮದುವೆ ಫೋಟೋಗ್ರಾಫರ್‌ಗಳು. ಜನ ಮನೆಯ ಕ್ಯಾಮೆರಾದಲ್ಲಿ ತೆಗೆಯುತ್ತಿದ್ದದ್ದು ವರ್ಷಕ್ಕೆ ಎರಡೋ ಮೂರೋ ರೀಲು. ಒಂದೇ ರೀಲಿನಲ್ಲಿ ಯುಗಾದಿ, ಮಗುವಿನ ಹುಟ್ಟುಹಬ್ಬ, ಧರ್ಮಸ್ಥಳದ ಟ್ರಿಪ್ಪು ಮೂರೂ ಇರುತ್ತಿದ್ದವು. ತೊಟ್ಟಿಯನ್ನು ತಾಜಾ ಇಟ್ಟದ್ದು ಅವರಲ್ಲ. ಒಂದು ಮದುವೆಗೆ ಎಂಟು ಹತ್ತು ರೀಲು ಸುಡುತ್ತಿದ್ದ ಸ್ಟುಡಿಯೋದವರು. ಅವರು ಡಿಜಿಟಲ್ ಕ್ಯಾಮೆರಾ ಕೊಂಡ ವರ್ಷವೇ ಲ್ಯಾಬ್‌ನ ಹೆಪ್ಪು ಸತ್ತಿತು. ಉಳಿದ ಸಾಮಾನ್ಯ ಗಿರಾಕಿಗಳು ಇನ್ನೂ ರೀಲು ಹಾಕಲು ತಯಾರಿದ್ದರು, ಆದರೆ ಅವರ ನಾಲ್ಕು ರೀಲಿಗೆ ಮೆಷಿನ್ ಬಿಸಿ ಮಾಡುವವರು ಯಾರು? ಹಾಗಾಗಿ ಕೊನೆಯ ಗಿರಾಕಿ ಹೋಗುವ ಮೊದಲೇ ಲ್ಯಾಬ್ ಹೋಯಿತು. ನಿಮ್ಮ ತಂದೆಯವರ 23ನೇ ಫೋಟೋ ಬಾಕಿ ಉಳಿದಿದ್ದಕ್ಕೂ ಇದೇ ಕಾರಣ ಇದ್ದರೂ ಇರಬಹುದು. ತೊಳೆಸೋಣ ಅಂದುಕೊಳ್ಳುವಷ್ಟರಲ್ಲಿ ತೊಳೆಯುವವರು ಇರಲಿಲ್ಲವೋ ಏನೋ.

ಇನ್ನೊಂದು ವಿಷಯ ಜನರಿಗೆ ಗೊತ್ತಿಲ್ಲ. ಲ್ಯಾಬ್‌ನಲ್ಲಿ ಎರಡು ಮೆಷಿನ್ ಇರುತ್ತಿತ್ತು. ಒಂದು ರೀಲು ತೊಳೆಯುವುದು, ಇನ್ನೊಂದು ಪೇಪರ್ ಮೇಲೆ ಪ್ರಿಂಟ್ ಹಾಕುವುದು. ಜಪಾನಿನ ನೊರಿತ್ಸು ಕಂಪನಿ 1976ರಲ್ಲಿ ಇವೆರಡನ್ನೂ ಒಂದು ಅಂಗಡಿಯೊಳಗೆ ಹಿಡಿಸುವಷ್ಟು ಚಿಕ್ಕದು ಮಾಡಿತು. ಅದೇ ಮುಂದೆ ಮಿನಿಲ್ಯಾಬ್ ಅಂತ ಊರೂರಿಗೆ ಬಂದದ್ದು. 1996ರಲ್ಲಿ ಫ್ಯೂಜಿ ಫ್ರಾಂಟಿಯರ್ ಬಂತು, ಅದು ನೆಗೆಟಿವ್ವನ್ನು ಮೊದಲು ಸ್ಕ್ಯಾನ್ ಮಾಡಿ, ಆಮೇಲೆ ಲೇಸರ್ ಬೆಳಕಿನಿಂದ ಪೇಪರ್ ಮೇಲೆ ಬರೆಯುತ್ತದೆ. ಅದೇ ಮೆಷಿನ್‌ಗೆ ಸಿ.ಡಿ. ಹಾಕಿದರೂ ಪ್ರಿಂಟ್ ಬರುತ್ತದಲ್ಲ! ಹಾಗಾಗಿ ಪ್ರಿಂಟರ್ ಬದುಕಿಕೊಂಡಿತು, ಪಕ್ಕದ ಫಿಲಂ ಪ್ರೊಸೆಸರ್‌ನ ಸ್ವಿಚ್ ಮಾತ್ರ ಆಫ್ ಆಯಿತು. ನಿಮ್ಮನ್ನು ನೋಡಿ ನಕ್ಕ ಅಂಗಡಿಯವರ ಬೋರ್ಡ್ ಸುಳ್ಳಲ್ಲ. ಅವರು ಇವತ್ತಿಗೂ ಕಲರ್ ಲ್ಯಾಬೇ. ಕರಿಷ್ಮಾ ಆಲ್ಬಂ, ಪಾಸ್‌ಪೋರ್ಟ್ ಫೋಟೋ, ಮಗ್ ಮೇಲೆ ಮುಖ, ಎಲ್ಲ ಮಾಡುತ್ತಾರೆ. ನಗಬಾರದಿತ್ತು, ಅದು ಬೇರೆ ಮಾತು.

ಮುಳುಗಿದವರು ಯಾರು ಅಂದರೆ ಕೊನೆಯಲ್ಲಿ ಸಾಲ ಮಾಡಿ ಮೆಷಿನ್ ತಂದವರು. ನಮ್ಮ ಯಜಮಾನರು 2003ರಲ್ಲಿ ಹೊಸ ಫಿಲಂ ಪ್ರೊಸೆಸರ್ ತಂದರು. ಈಗ ಕೇಳಿದರೆ ದಡ್ಡತನ ಅನ್ನಿಸುತ್ತದೆ. ಆದರೆ ಆಗಿನ ಮಾತು ಕೇಳಿ. 2004ರ ಜನವರಿಯಲ್ಲಿ ಕೊಡಾಕ್ ಕಂಪನಿ ಅಮೆರಿಕ, ಕೆನಡಾ, ಪಶ್ಚಿಮ ಯುರೋಪಿನಲ್ಲಿ ರೀಲು ಹಾಕುವ ಕ್ಯಾಮೆರಾ ಮಾರುವುದನ್ನು ನಿಲ್ಲಿಸುತ್ತೇವೆ ಅಂತ ಹೇಳಿತು. ಅದೇ ಉಸಿರಿನಲ್ಲಿ, ಭಾರತ ಚೀನಾದಂಥ ಕಡೆ ಮುಂದುವರಿಸುತ್ತೇವೆ ಅಂದಿತು. ಅಲ್ಲಿ ಮುಗಿದರೂ ನಮ್ಮ ಕಡೆ ಇನ್ನೂ ಹತ್ತು ಹದಿನೈದು ವರ್ಷ ನಡೆಯುತ್ತದೆ ಅಂತ ಎಲ್ಲರೂ ನಂಬಿದ್ದರು, ಕಂಪನಿಯೂ ನಂಬಿತ್ತು. ನಮ್ಮ ಜನ ರೀಲಿನಿಂದ ನಿಧಾನವಾಗಿ ಡಿಜಿಟಲ್‌ಗೆ ಬರುತ್ತಾರೆ ಅಂತ ಲೆಕ್ಕ. ಆದರೆ ಎಷ್ಟೋ ಮನೆಗಳವರು ಡಿಜಿಟಲ್ ಕ್ಯಾಮೆರಾ ಕೊಳ್ಳಲೇ ಇಲ್ಲ, ರೀಲಿನಿಂದ ನೇರ ಮೊಬೈಲ್‌ಗೆ ಹಾರಿದರು. ಲ್ಯಾಂಡ್‌ಲೈನ್‌ಗೆ ಅರ್ಜಿ ಹಾಕಿ ಕಾದಿದ್ದವರು ಮೊಬೈಲ್ ತಗೊಂಡ ಹಾಗೆಯೇ. ಆಗ್ಫಾದ ಫೋಟೋ ಕಂಪನಿ 2005ರಲ್ಲಿ ದಿವಾಳಿಯಾಯಿತು, ಕೋನಿಕಾ ಮಿನೋಲ್ಟಾ 2006ರಲ್ಲಿ ಫೋಟೋ ವ್ಯಾಪಾರವನ್ನೇ ಬಿಟ್ಟಿತು, ಕೊಡಾಕ್ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ನಮ್ಮ ಯಜಮಾನರ ಸಾಲದ ಕಂತು ಮಾತ್ರ ತಿಂಗಳು ತಿಂಗಳು ಬರುತ್ತಲೇ ಇತ್ತು.

ನಮ್ಮದೇ ಸರ್ಕಾರಿ ಕಂಪನಿಯೂ ಇತ್ತು ನೋಡಿ, ಊಟಿಯ ಹಿಂದೂಸ್ತಾನ್ ಫೋಟೋ ಫಿಲಂಸ್. 1960ರಲ್ಲಿ ಶುರುವಾಗಿ 1967ರಿಂದ ಮಾಲು ಕೊಟ್ಟಿತು, ಬ್ರ್ಯಾಂಡ್ ಹೆಸರು 'ಇಂದು'. ಕಪ್ಪು ಬಿಳುಪು ಕಾಲದ ಸ್ಟುಡಿಯೋದವರನ್ನು ಕೇಳಿ, ಇಂದು ಪೇಪರ್ ಮುಟ್ಟದವರು ಕಡಿಮೆ. ಅದೂ ಮುಚ್ಚಿತು.

ಕಪ್ಪು ಬಿಳುಪು ಅಂದಾಗ ಒಂದು ಮಾತು ಹೇಳಲೇಬೇಕು, ಕಲರ್ ಲ್ಯಾಬ್‌ನವನಾಗಿ ಹೇಳಲು ಸ್ವಲ್ಪ ಕಷ್ಟ. ಈಗ ಲ್ಯಾಬ್ ಹೋಯಿತು ಅಂತ ಎಲ್ಲರೂ ಮರುಗುತ್ತಾರೆ. ಆದರೆ ನಾವು ಬಂದಾಗ ನಾವೂ ಒಂದಷ್ಟನ್ನು ಮುಗಿಸಿಯೇ ಬಂದವರು. ಅದಕ್ಕೆ ಮೊದಲು ಪ್ರತಿ ಸ್ಟುಡಿಯೋದ ಹಿಂದೆ ಒಂದು ಡಾರ್ಕ್ ರೂಮ್ ಇರುತ್ತಿತ್ತು. ಕೆಂಪು ಬಲ್ಬು, ತಕ್ಕಡಿಯಲ್ಲಿ ತೂಗಿ ಬೆರೆಸಿದ ಮೆಟಾಲ್, ಹೈಡ್ರೋಕ್ವಿನೋನ್ ಎಂಬ ಡೆವಲಪರ್ ಪುಡಿಗಳು, ಬಕೆಟ್ಟಿನಲ್ಲಿ ಹೈಪೊ ಅನ್ನುವ ಫಿಕ್ಸರ್, ದಾರಕ್ಕೆ ಕ್ಲಿಪ್ ಹಾಕಿ ನೇತುಬಿಟ್ಟ ರೀಲು. ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾದಲ್ಲಿ ತೆಗೆದ 12 ಫೋಟೋದ ರೀಲನ್ನು ಸ್ಟುಡಿಯೋ ಮಾಲೀಕ ತಾನೇ ತೊಳೆದು, ತಾನೇ ಪ್ರಿಂಟ್ ಹಾಕಿ ಕೊಡುತ್ತಿದ್ದ. ಅವನಿಗೆ ವಾರಕ್ಕೆ ಎರಡು ರೀಲು ಬಂದರೂ ನಡೆಯುತ್ತಿತ್ತು, ಯಾಕೆಂದರೆ ಬೇಕಾದಷ್ಟೇ ಕೆಮಿಕಲ್ ಬೆರೆಸಿ, ಮುಗಿದ ಮೇಲೆ ಚೆಲ್ಲುತ್ತಿದ್ದ. ಕಲರ್ ಬಂದ ಮೇಲೆ ಅದು ಸಾಧ್ಯವಾಗಲಿಲ್ಲ. ಮೊದಲು ರೀಲು ಬೆಂಗಳೂರಿಗೋ ಮದ್ರಾಸಿಗೋ ಹೋಗಬೇಕಿತ್ತು, ಆಮೇಲೆ ಜಿಲ್ಲೆಯ ಲ್ಯಾಬ್‌ಗೆ. ಸ್ಟುಡಿಯೋದವನು ರೀಲು ತಗೊಂಡು ಬಸ್ಸಿಗೆ ಹಾಕುವವನಾದ. ಅಂದರೆ ರೀಲು ತೊಳೆಯುವ ವಿದ್ಯೆ ಸಾಗರದಿಂದ ಹೋಗಿದ್ದು ಡಿಜಿಟಲ್ ಕಾಲದಲ್ಲಿ ಅಲ್ಲ, ನಮ್ಮ ಕಾಲದಲ್ಲೇ. ಆ ಡಾರ್ಕ್ ರೂಮ್‌ಗಳು ಉಳಿದಿದ್ದರೆ ಇವತ್ತು ನಿಮ್ಮ ಊರಲ್ಲೇ ಯಾರಾದರೂ ತೊಳೆದುಕೊಡುತ್ತಿದ್ದರೋ ಏನೋ.

ಕರೆಂಟಿನ ಕಥೆ ಹೇಳದಿದ್ದರೆ ಲ್ಯಾಬ್ ಕಥೆ ಪೂರ್ತಿಯಾಗುವುದಿಲ್ಲ. ರೀಲು ಡೆವಲಪರ್ ತೊಟ್ಟಿಯೊಳಗೆ ಇರುವಾಗ ಕರೆಂಟ್ ಹೋದರೆ ಅದು ಅಲ್ಲೇ ನಿಂತುಬಿಡುತ್ತದೆ, 3 ನಿಮಿಷ 15 ಸೆಕೆಂಡ್ ಲೆಕ್ಕ ಯಾರು ಕೇಳುತ್ತಾರೆ? ಜನರೇಟರ್ ಇತ್ತು, ಒಂದು ದಿನ ಅದೂ ಹತ್ತಲಿಲ್ಲ. ಹ್ಯಾಂಡಲ್ ಹಾಕಿ ಕೈಯಲ್ಲೇ ತಿರುಗಿಸಿ ಹೊರಗೆ ದಾಟಿಸಿದೆವು. ಬಂದಿದ್ದು ಕಪ್ಪು ಕಪ್ಪು ನೆಗೆಟಿವ್, ಅದರಲ್ಲಿ ಒಬ್ಬರ ಮಾಂಗಲ್ಯಧಾರಣೆ. ಪ್ರಿಂಟ್‌ನಲ್ಲಿ ಎಷ್ಟು ಸರಿ ಮಾಡಿದರೂ ಮುಖವೆಲ್ಲ ಸುಣ್ಣ ಬಳಿದ ಹಾಗೆ. ಆ ಫೋಟೋಗ್ರಾಫರ್ ಮತ್ತೆ ನಮ್ಮ ಲ್ಯಾಬ್‌ಗೆ ಬರಲಿಲ್ಲ. ಮೆಮೊರಿ ಕಾರ್ಡಿನಲ್ಲಿ ಹೀಗೆ ಆಗುವುದಿಲ್ಲ ಅಂತ ತಿಳಿದ ದಿನ ಅಂಥವರು ಯಾಕೆ ಹಿಂದೆ ನೋಡಲಿಲ್ಲ ಅನ್ನುವುದು ನನಗೆ ಅರ್ಥವಾಗುತ್ತದೆ.

ಸರಿ, ನಿಮ್ಮ ರೀಲು. ಬೆಂಗಳೂರಿನಲ್ಲಿ ಬೆರಳೆಣಿಕೆಯ ಕಡೆ ಇವತ್ತಿಗೂ ಸಿ-41 ತೊಳೆಯುತ್ತಾರೆ, ಕೊರಿಯರ್‌ನಲ್ಲಿ ಕಳಿಸಿದರೂ ತಗೊಳ್ಳುತ್ತಾರೆ. ಮತ್ತೆ ರೀಲು ಹಾಕುವ ಹುಡುಗ ಹುಡುಗಿಯರು ಹುಟ್ಟಿಕೊಂಡಿದ್ದಾರೆ, 2024ರಲ್ಲಿ ಪೆಂಟ್ಯಾಕ್ಸ್‌ನವರು ಹೊಸ ಫಿಲಂ ಕ್ಯಾಮೆರಾನೇ ಬಿಟ್ಟರು. ಹಾಗಂತ ಶಿವಮೊಗ್ಗಕ್ಕೆ ಲ್ಯಾಬ್ ವಾಪಸ್ ಬರುತ್ತದೆ ಅಂತ ಕಾಯಬೇಡಿ. ಹೆಪ್ಪಿನ ಲೆಕ್ಕ ಈಗಲೂ ಅದೇ. ಇಡೀ ರಾಜ್ಯದ ರೀಲು ಒಂದೆರಡು ಕಡೆ ಸೇರಿದರೆ ಮಾತ್ರ ತೊಟ್ಟಿ ತಾಜಾ ಇರುತ್ತದೆ. ಈಗಿನ ಕೆಲವರು ಮೆಷಿನ್ ಇಲ್ಲದೆ ಚಿಕ್ಕ ಟ್ಯಾಂಕಿನಲ್ಲಿ ಕೈಯಿಂದ ತೊಳೆಯುತ್ತಾರೆ, ರೀಲು ಒಂದಷ್ಟು ಕೂಡಿದ ಮೇಲೆ ಒಟ್ಟಿಗೆ. ಅದು ತಪ್ಪೇನಲ್ಲ, ನಿಮ್ಮದರಂಥ ಹಳೇ ರೀಲಿಗೆ ಅದೇ ಒಳ್ಳೆಯದು. ಕಳಿಸುವ ಮೊದಲು ಫೋನ್ ಮಾಡಿ, ರೀಲು ಎಷ್ಟು ಹಳೆಯದು ಅಂತ ಹೇಳಿ, ವಾರಕ್ಕೆ ಎಷ್ಟು ರೀಲು ತೊಳೆಯುತ್ತಾರೆ ಅಂತ ಕೇಳಿ. ಈ ಪ್ರಶ್ನೆಗೆ ತಡವರಿಸುವವರಿಗೆ ಕೊಡಬೇಡಿ. ನೆಗೆಟಿವ್ ವಾಪಸ್ ಬೇಕೇ ಬೇಕು ಅಂತಲೂ ಹೇಳಿ, ಈಗಿನವರು ಎಷ್ಟೋ ಜನ ಸ್ಕ್ಯಾನ್ ಮಾತ್ರ ತಗೊಂಡು ಹೋಗುತ್ತಾರಂತೆ.

ರೀಲಿನ ಡಬ್ಬಿ ಮೇಲೆ ಏನು ಬರೆದಿದೆ ಅಂತ ನೋಡುವುದು ಮುಖ್ಯ. ಸಿ-41 ಅಂತಿದ್ದರೆ ಕಲರ್ ನೆಗೆಟಿವ್, ನಮ್ಮ ಕಡೆಯ ರೀಲುಗಳಲ್ಲಿ ಹೆಚ್ಚಿನವು ಅದೇ. ಇ-6 ಅಂದರೆ ಸ್ಲೈಡ್, ನೆಗೆಟಿವ್ ಬದಲು ನೇರ ಬಣ್ಣದ ಚಿತ್ರವೇ ಬರುವ ಫಿಲಂ. ಕೊಡಾಕ್ರೋಮ್ (ಕೊಡಾಕ್ ಕಂಪನಿಯ ಹಳೇ ಸ್ಲೈಡ್ ಫಿಲಂ) ಅಂತಿದ್ದರೆ ಬಣ್ಣದ ಆಸೆ ಬಿಡಿ. ಅದನ್ನು ತೊಳೆಯುವ ವಿಧಾನವೇ ಬೇರೆ. ಜಗತ್ತಿನಲ್ಲಿ ಉಳಿದಿದ್ದ ಒಂದೇ ಲ್ಯಾಬ್ ಅಮೆರಿಕದ ಕನ್ಸಾಸ್ ರಾಜ್ಯದ ಪಾರ್ಸನ್ಸ್ ಎಂಬ ಸಣ್ಣ ಊರಲ್ಲಿತ್ತು, ಅವರು 2010ರ ಡಿಸೆಂಬರ್ 30ಕ್ಕೆ ರೀಲು ತಗೊಳ್ಳುವುದನ್ನು ನಿಲ್ಲಿಸಿದರು. ಕೊಡಾಕ್ ಕೆಮಿಕಲ್ ಮಾಡುವುದನ್ನೇ ಬಿಟ್ಟಿತ್ತು.

ಹಳೇ ರೀಲಿನಿಂದ ಹಳೇ ಬಣ್ಣ ನಿರೀಕ್ಷೆ ಮಾಡಬೇಡಿ. ಇಷ್ಟು ವರ್ಷ ಅಟ್ಟದ ಶಾಖ, ಮಲೆನಾಡಿನ ತೇವ ಎರಡನ್ನೂ ಕುಡಿದ ಫಿಲಂ ಅದು. ಇಡೀ ಫಿಲಂ ಮೇಲೆ ಮಂಜು ಕವಿದ ಹಾಗೆ ಆಗಿರುತ್ತದೆ, ಬಣ್ಣ ನೇರಳೆಗೋ ಹಸಿರಿಗೋ ತಿರುಗಿರುತ್ತದೆ, ಬೂಷ್ಟಿನ ಚುಕ್ಕೆಯೂ ಇರಬಹುದು. ತುಂಬಾ ಹಳೆಯದಾದರೆ ಕಲರ್ ಫಿಲಮ್ಮನ್ನೇ ಕಪ್ಪು ಬಿಳುಪಿನ ಡೆವಲಪರ್‌ನಲ್ಲಿ ತೊಳೆಸುವುದು ಒಂದು ದಾರಿ. ಬಣ್ಣ ಹೋಗುತ್ತದೆ, ಮುಖ ಸಿಗುವ ಸಾಧ್ಯತೆ ಹೆಚ್ಚು. ಒಂದು ಸಲ ಹೀಗೆ ತೊಳೆದ ಮೇಲೆ ಇದ್ದ ಬಣ್ಣವನ್ನು ವಾಪಸ್ ತರುವುದು ಕಷ್ಟ, ಹಾಗಾಗಿ ಮೊದಲೇ ಯೋಚಿಸಿ. 2000ದ ನಂತರದ ರೀಲಾದರೆ ನಾನು ಸಿ-41ಗೇ ಹಾಕುತ್ತಿದ್ದೆ.

ಮನೆಯಲ್ಲಿ ತೊಳೆಯಬಹುದಾ ಅಂದರೆ, ಬಹುದು. ಈ ರೀಲನ್ನಲ್ಲ. ಮೊದಲು ಬೇರೆ ಕಪ್ಪು ಬಿಳುಪು ರೀಲು ಕೊಂಡು ನಾಲ್ಕು ಸಲ ಕೈ ಸುಟ್ಟುಕೊಳ್ಳಿ. ಬೆಳಕು ಹೋಗದ ಟ್ಯಾಂಕ್, ಕೈ ತೂರಿಸುವ ಕಪ್ಪು ಚೀಲ, ಡಿ-76 ಥರದ ಡೆವಲಪರ್, ಫಿಕ್ಸರ್, ಥರ್ಮಾಮೀಟರ್ ಇದ್ದರೆ ಬಚ್ಚಲುಮನೆಯೇ ಲ್ಯಾಬ್. ಕಪ್ಪು ಬಿಳುಪಿಗೆ 20 ಡಿಗ್ರಿ ನೀರು ಬೇಕು, ಬೇಸಿಗೆಯಲ್ಲಿ ಐಸ್ ಇಟ್ಟು ತಣ್ಣಗೆ ಮಾಡಿಕೊಳ್ಳಿ. ಕಾಫಿಯಲ್ಲೂ ತೊಳೆಯಬಹುದು, ತಮಾಷೆ ಅಲ್ಲ! ಇನ್‌ಸ್ಟಂಟ್ ಕಾಫಿ ಪುಡಿ, ವಾಷಿಂಗ್ ಸೋಡಾ, ವಿಟಮಿನ್ ಸಿ ಸೇರಿಸಿದರೆ ಡೆವಲಪರ್ ಆಗುತ್ತದೆ. 1995ರಲ್ಲಿ ಕೊಡಾಕ್‌ನದೇ ಊರಾದ ರಾಚೆಸ್ಟರ್‌ನ ಕಾಲೇಜಿನಲ್ಲಿ ಕಾಫಿ ಡೆವಲಪರ್ ಕಂಡುಹಿಡಿದರು. ಚಿಕೋರಿ ಬೆರೆಸದ ಪುಡಿ ಬೇಕು. ನಾಯಿ ಮೂಸದಂಥ ವಾಸನೆ ಬರುತ್ತದೆ, ಒಳ್ಳೇ ಫಿಲ್ಟರ್ ಕಾಫಿ ಪುಡಿಯನ್ನು ಇದಕ್ಕೆ ಹಾಳು ಮಾಡಬೇಡಿ.

ಕೊನೆಗೆ ರೀಲು ತೆಗೆಯುವುದು. ಕ್ಯಾಮೆರಾದ ಮೇಲೆ ಎಡಗಡೆ ಮಡಚುವ ಪುಟ್ಟ ಹಿಡಿ ಇದ್ದರೆ ಅದನ್ನು ಬಾಣದ ಗುರುತಿನ ಕಡೆ ಮೆಲ್ಲಗೆ ತಿರುಗಿಸಿ ನೋಡಿ. ಸ್ವಲ್ಪದರಲ್ಲೇ ಬಿಗಿ ಸಿಕ್ಕರೆ ಒಳಗೆ ರೀಲು ಇದೆ. ಸಲೀಸಾಗಿ ತಿರುಗುತ್ತಲೇ ಇದ್ದರೆ ಇಲ್ಲ, ಅಥವಾ ಕೊಂಡಿ ಕಳಚಿದೆ. ಇದ್ದರೆ ತಳದಲ್ಲಿರುವ ಸಣ್ಣ ಗುಂಡಿ ಒತ್ತಿ, ಆಮೇಲೆ ಹಿಡಿಯನ್ನು ನಿಧಾನವಾಗಿ ಸುತ್ತಿ. ಒಣಗಿದ ಫಿಲಂ ಹರಿಯುತ್ತದೆ, ಅವಸರ ಬೇಡ. ಮೊದಮೊದಲು ಬಿಗಿ, ಕೊನೆಗೆ ಒಂದು ಟಕ್ ಅಂದ ಹಾಗಾಗಿ ಹಗುರಾಗುತ್ತದೆ, ಆಮೇಲೆ ಹಿಂಬಾಗಿಲು ತೆಗೆಯಿರಿ. ಸೆಲ್ ಮೇಲೆ ತಾನೇ ಸುತ್ತುವ ಮಾಡೆಲ್ ಆದರೆ, ಸೆಲ್ ಹಾಕುವ ಗೂಡಿನಲ್ಲಿ ಸೆಲ್ ಸೋರಿ ಹಸಿರು ಕಟ್ಟಿದೆಯಾ ನೋಡಿ, ಹೊಸ ಸೆಲ್ ಹಾಕಿ ರೀವೈಂಡ್ ಗುಂಡಿ ಒತ್ತಿ. ಎಲ್ಲಾದರೂ ಸಿಕ್ಕಿಕೊಂಡರೆ ಬಲ ಹಾಕಬೇಡಿ, ಕ್ಯಾಮೆರಾ ಸಮೇತ ಲ್ಯಾಬ್‌ಗೆ ಕಳಿಸಿ, ಅವರು ಕತ್ತಲಲ್ಲಿ ತೆಗೆಯುತ್ತಾರೆ.

36ರ ರೀಲಾದರೆ ಇನ್ನು 14 ಬಾಕಿ ಇದೆ, ಅಪ್ಪನ ರೀಲನ್ನು ನಾನೇ ಪೂರ್ತಿ ಮಾಡೋಣ ಅನ್ನಿಸಬಹುದು. ಬೇಡ. ಈಗ ತೆಗೆದರೆ ಮಂಜಿನಲ್ಲಿ ಅರ್ಧ ಕಾಣುತ್ತದೆ, ಸುತ್ತುವಾಗ ಎಳೆತಕ್ಕೆ ಹರಿದರೆ ಅವರ 22 ಕೂಡ ಹೋಗುತ್ತವೆ. ಇದನ್ನು ಹಾಗೇ ಸುತ್ತಿ ಕಳಿಸಿಬಿಡಿ. ಕ್ಯಾಮೆರಾ ಸರಿ ಇದ್ದರೆ ಅದಕ್ಕೆ ಹೊಸ ರೀಲು ಹಾಕಿ.